ಬೂದು ಬಣ್ಣದ ಶಾಲು

"ಅಯ್ಯೋ! ನಿಲ್ಸಿ... ಯಾರಾದ್ರೂ ನಿಲ್ಸಿ!"

ಅವಳ ಕೂಗು ಗಂಟಲು ದಾಟುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು. ರಸ್ತೆ ದಾಟುತ್ತಿದ್ದ ಹೆಂಗಸಿಗೆ ಬಿಳಿ ಕಾರು ನೇರವಾಗಿ ಬಂದು ಗುದ್ದಿತು. ತಲೆ ಒಂದು ಕಡೆ, ಕಾಲು ಇನ್ನೊಂದು ಕಡೆ! ಒಂದು ತೋಳು ಉರುಳಿ ಬಂದು, ಬದಿಯಲ್ಲಿ ನಿಂತು ಕೂಗಿದ ಅವಳ ಚಪ್ಪಲಿಗೆ ತಾಗಿತು.

ಅವಳ ಕೈಯಲ್ಲಿದ್ದ ಬಟ್ಟೆಗಂಟು ಜಾರಿ ನೆಲಕ್ಕೆ ಬಿತ್ತು.

ಕಾರಿನಿಂದ ಇಳಿದವನು ಆ ತಲೆಯನ್ನು ಕಂಕುಳಲ್ಲಿ ಇರುಕಿಕೊಂಡು ಆರಾಮಾಗಿ ನಡೆದು ಬಂದ.

"ಆ ತೋಳು ಸ್ವಲ್ಪ ಎತ್ಕೊಡ್ತೀರಾ?"

ಆಗ ಕಂಡಿತು. ತೋಳಿನ ತುದಿಯಲ್ಲಿ ರಕ್ತವಿಲ್ಲ... ಸ್ಪಂಜು!

"ಗೊಂಬೆನಾ?"

"ಗೊಂಬೆನೇ. ನೀವು ಹೊಸ ಟೈಲರಮ್ಮ ಅಲ್ವಾ? ಇವಳೇ ನಿಮ್ಮ ಗಿರಾಕಿ. ಅಳತೆ ಸರಿಯಿಲ್ಲ ಅಂತ ಯಾವತ್ತೂ ತಕರಾರು ಮಾಡಲ್ಲ."

"ನನ್ನ ಜೀವ ಹೋಗಿತ್ತು! ಬ್ರೇಕ್ ಯಾಕ್ರೀ ಹಾಕ್ಲಿಲ್ಲ?"

"ಇದು ಗಾಡಿಗಳನ್ನ ಪರೀಕ್ಷೆ ಮಾಡೋ ಜಾಗ. ಬ್ರೇಕ್ ಹಾಕದೆ ಕೂರೋದೇ ನನ್ನ ಕೆಲಸ ಕಣ್ರೀ. ಹಾಕಬೇಕಾದದ್ದು ಗಾಡಿ." ಅವನು ಕಾರಿನ ಮುಂಭಾಗವನ್ನು ತೋರಿಸಿದ. "ಗಾಜಿನ ಹಿಂದೆ ಕ್ಯಾಮೆರಾ, ಬಂಪರ್ ಒಳಗೆ ರೇಡಾರ್. ಎದುರಿಗಿರೋದು ಮನುಷ್ಯ ಅಂತ ಕ್ಯಾಮೆರಾ ಹೇಳುತ್ತೆ, ಇಷ್ಟು ದೂರ ಅಂತ ರೇಡಾರ್ ಹೇಳುತ್ತೆ. ಮೊದಲು ಡ್ರೈವರಿಗೆ ಕೀಂ ಅಂತ ಎಚ್ಚರಿಕೆ. ಅವನು ಎಚ್ಚೆತ್ಕೊಳ್ಳಲಿಲ್ವಾ, ಗಾಡಿ ತಾನೇ ಬ್ರೇಕ್ ಹಾಕುತ್ತೆ."

"ಇವತ್ತು ಹಾಕ್ಲಿಲ್ವಲ್ಲ?"

"ಇವತ್ತು ಇಬ್ಬರಿಗೂ ಒಮ್ಮತ ಬರಲಿಲ್ಲ."

ಅವಳಿಗೆ ನಗು ಬಂತು. ಆದರೆ ಎದೆ ಮಾತ್ರ ಇನ್ನೂ ಡವಡವ ಅನ್ನುತ್ತಲೇ ಇತ್ತು!

ಆಮೇಲೆ ಹರಿದ ಪ್ಯಾಂಟು, ಕಿತ್ತ ಗುಂಡಿ ಏನೇ ಇದ್ದರೂ ಹೊಲಿಗೆ ಕೋಣೆಗೆ ತಂದುಕೊಡುವವನು ಅವನೇ. ಗೊಂಬೆಗಳ ಬಟ್ಟೆ ಅಷ್ಟು ಬೇಗ ಹರಿಯುತ್ತದೆಯೇ ಎಂದು ಅವಳು ಕೇಳಲಿಲ್ಲ. ಹರಿಯಲಿ ಎಂದು ಮನಸ್ಸು ಬಯಸುತ್ತಿತ್ತು...

ಒಂದು ದಿನ ಅವನು ತಡವರಿಸುತ್ತಾ ಕೇಳಿದ. "ನೀವು ಸಾಯಂಕಾಲ ಹೊದ್ಕೊಂಡು ಹೋಗ್ತೀರಲ್ಲ, ಆ ಬೂದು ಶಾಲು... ಒಂದು ದಿನಕ್ಕೆ ಕೊಡ್ತೀರಾ?"

"ಯಾಕೆ?"

"ಬೇಕಿತ್ತು." ಕಿವಿಯವರೆಗೂ ಕೆಂಪಾದ.

ಶಾಲು ಕೊಟ್ಟು ಬಂದದ್ದನ್ನು ಕೇಳಿ ಮನೆಯಲ್ಲಿ ಚಿಕ್ಕಮ್ಮ ಬಿದ್ದು ಬಿದ್ದು ನಕ್ಕಳು. "ಲೇ ಪೆದ್ದಿ, ಗಂಡಸು ಸುಮ್ಸುಮ್ನೆ ಹೆಣ್ಮಗಳ ಶಾಲು ಕೇಳ್ತಾನಾ? ಈಗ ದಿಂಬಿನ ಪಕ್ಕ ಇಟ್ಕೊಂಡು ಮಲಗಿರ್ತಾನೆ!"

'ನಿಜವಾಗಿಯೂ...?' ಅವಳಿಗೆ ನಿದ್ದೆಯೇ ಹತ್ತಲಿಲ್ಲ.

ಮರುದಿನ ಹೊತ್ತು ಮುಳುಗುವಾಗ ಅವಳು ಪರೀಕ್ಷೆಯ ರಸ್ತೆಯ ಬೇಲಿ ಪಕ್ಕ ಬಂದು ನಿಂತಳು. ಬೂದು ಗೋಡೆಯ ಮರೆಯಿಂದ ಚಕ್ರದ ಹಲಗೆಯ ಮೇಲೆ ಗೊಂಬೆ ಜಾರುತ್ತಾ ರಸ್ತೆಗೆ ಬಂತು. ಅದರ ಮೈತುಂಬ ಹೊದಿಸಿದ್ದದ್ದು...

ಅವಳ ಶಾಲು!

ಬ್ರೇಕಿನ ಸದ್ದೇ ಇಲ್ಲ. ಧಡ್! ಶಾಲು ಚಕ್ರದ ಕೆಳಗೆ ಸಿಕ್ಕಿ ಮಣ್ಣಾಯಿತು.

ಅವಳು ಕಲ್ಲಾದಳು. 'ದಿಂಬಿನ ಪಕ್ಕ ಇಟ್ಕೊಂಡಿದ್ದಾನೆ ಅಂದ್ಕೊಂಡೆನಲ್ಲ... ಗುದ್ದೋಕೆ ಕೇಳಿದ್ನಾ?'

ಗೊಂಬೆಯನ್ನು ಜೋಡಿಸಿ, ಅದೇ ಶಾಲನ್ನು ಮತ್ತೆ ಹೊದಿಸಿದರು. ಕಾರು ಮತ್ತೆ ಹೊರಟಿತು. ಅವಳಿಗೆ ಸಿಟ್ಟು ನೆತ್ತಿಗೇರಿತು. ಬೇಲಿಯ ಬಾಗಿಲನ್ನು ತಳ್ಳಿ ರಸ್ತೆಯ ಕಡೆಗೆ ನುಗ್ಗಿದಳು.

ಕಿರ್ರ್ರ್...!

ಕಾರು ಅವಳಿಂದ ಬಹಳ ದೂರದಲ್ಲೇ ನಿಂತುಬಿಟ್ಟಿತು. ಇಳಿದು ಬಂದವನ ಮುಖದಲ್ಲಿ ಜೀವಕಳೆಯೇ ಇರಲಿಲ್ಲ.

"ಹುಚ್ಚು ಹಿಡಿದಿದೆಯಾ ನಿಮಗೆ? ಜೀವ ಇರೋರು ಇಲ್ಲಿಗೆ ಬರೋ ಹಾಗಿಲ್ಲ!"

"ನನ್ನ ಶಾಲು ಕೊಡಿ! ನಿಮಗೆ ಅದೊಂದು ಆಟದ ಸಾಮಾನು..."

"ಆಟನಾ?" ಅವನ ದನಿ ಒಡೆಯಿತು. "ಮೊನ್ನೆ ಇದೇ ಗಾಡಿ ಓಡಿಸ್ಕೊಂಡು ಹೊರಗಿನ ರಸ್ತೇಲಿ ಬರ್ತಿದ್ದೆ. ಗೋಡೆ ಪಕ್ಕ ನೀವು ಹೋಗ್ತಿದ್ರಿ. ಗಾಡಿಯ ಪರದೆ ಮೇಲೆ, ಇವರು ಮನುಷ್ಯರು ಅಂತ ಎಲ್ಲರ ಸುತ್ತಲೂ ಗುರುತು ಬಂತು. ನಿಮ್ಮ ಸುತ್ತ ಮಾತ್ರ ಬರಲಿಲ್ಲ! ಶಾಲು ಕೈಕಾಲೆಲ್ಲ ಮುಚ್ಚಿತ್ತು, ಬಣ್ಣ ಗೋಡೇಲಿ ಬೆರೆತಿತ್ತು. ಅದರ ಪಾಲಿಗೆ ನೀವು ಇರಲೇ ಇಲ್ಲ. ನಾನು ಹೇಳಿದ್ರೆ ಇಲ್ಲಿ ಯಾರೂ ನಂಬಲಿಲ್ಲ... ಅದಕ್ಕೆ ಶಾಲು ಬೇಕಿತ್ತು."

ಅವಳ ಸಿಟ್ಟು ಇಳಿದುಹೋಯಿತು.

"ನನಗೇ ಮೊದಲು ಯಾಕೆ ಹೇಳಲಿಲ್ಲ?"

"ನಿಮ್ಮನ್ನು ಹೆದರಿಸೋಕೆ ಮನಸ್ಸು ಬರಲಿಲ್ಲ. ತಪ್ಪಾಯ್ತು."

ಅವನ ಸೊಂಟದ ವಾಕಿಟಾಕಿ ಗದರಿತು. "ಪರೀಕ್ಷೆ ಕೆಡಿಸಿದ್ರಲ್ರೀ! ಗಾಡಿಗಿಂತ ಮೊದಲೇ ನೀವ್ಯಾಕೆ ಬ್ರೇಕ್ ತುಳಿದ್ರಿ?"

ಅವಳು ಬೆಚ್ಚಿ ನೋಡಿದಳು. "ನಿಲ್ಸಿದ್ದು... ಗಾಡಿ ಅಲ್ವಾ?"

"ಅದು ನೋಡೋದು ಅಡ್ಡ ಬಂದವರನ್ನ. ನೀವಿನ್ನೂ ಅಡ್ಡ ಬಂದೇ ಇರಲಿಲ್ಲ."

"ಮತ್ತೆ ನಿಮಗೆ ಹೇಗೆ ಕಂಡೆ?"

ಅವನು ತಲೆ ತಗ್ಗಿಸಿದ. "ನಾನು ರಸ್ತೆ ನೋಡ್ತಿರಲಿಲ್ಲ. ಬೇಲಿ ಪಕ್ಕ ನಿಂತಿದ್ದ ನಿಮ್ಮನ್ನೇ ನೋಡ್ತಿದ್ದೆ... ದಿನಾ ನೋಡೋ ಹಾಗೆ."

ಕಣ್ಣೀರಿನ ನಡುವೆಯೇ ಅವಳ ತುಟಿ ಅರಳಿತು. ಗೊಂಬೆಯ ಮೈಮೇಲಿಂದ ಮಣ್ಣಾದ ಶಾಲನ್ನು ತೆಗೆದು ಕೊಡವಿ, ಮಡಚಿ ಅವನ ಕೈಗೇ ಇಟ್ಟಳು.

"ಇದನ್ನ ಹೊದ್ದವರೂ ಮನುಷ್ಯರೇ ಅಂತ ಗಾಡಿಗೆ ಕಲಿಸೋಕೆ ಎಷ್ಟು ದಿನ ಬೇಕು?"

"ಗೊತ್ತಿಲ್ಲ. ಅಲ್ಲಿಯವರೆಗೆ ಸಾಯಂಕಾಲ ನಿಮ್ಮ ಜೊತೆ ನಡ್ಕೊಂಡು ಬರ್ತೀನಿ. ರಸ್ತೆ ಕಡೆ ನಾನು, ಗೋಡೆ ಕಡೆ ನೀವು."

"ಕಲಿತ ಮೇಲೆ?"

"ಆಮೇಲೂ... ಬರಲಾ?"

"ಬನ್ನಿ. ಆದ್ರೆ ದಾರಿಯಲ್ಲಾದ್ರೂ ರಸ್ತೆ ನೋಡ್ಕೊಂಡು ನಡೀರಿ!"