ಏಳನೆಯ ತಾತ

"ಒಳಗೆ ಯಾರಾದ್ರೂ 'ನೀನು ಯಾರ ಮಗ' ಅಂತ ಕೇಳಿದ್ರೆ ಏಳು ತಲೆಮಾರಿನ ಹೆಸರು ಹೇಳು. ಮರೆತಿದ್ರೆ ಮರೆತೆ ಅನ್ನು, ಬೈದು ಬಿಟ್ಟುಬಿಡ್ತಾರೆ. ಕಲ್ಲಿನ ಮೇಲಿರೋ ಹೆಸರು ಮಾತ್ರ ಎರವಲು ತಗೋಬೇಡ ಮಗಾ."

ಕರಾಶೋಕಿ ಬಯಲಿನ ಸಮಾಧಿಗಳನ್ನು ಕಾಯುವ ಕುಲ್ಯಾಶ್ ಮುದುಕಿ ಹೀಗೆಂದಾಗ ಅಲ್ಡಿಯಾರ್ ನಕ್ಕುಬಿಟ್ಟ. "ಸತ್ತೋರೂ ಗುರುತಿನ ಚೀಟಿ ಕೇಳ್ತಾರಾ ಅಜ್ಜಿ?"

ಹಿಂದೊಮ್ಮೆ ದಾಳಿಗೆ ಬಂದ ಜುಂಗಾರರ ದಂಡನ್ನು ಕಜಾಕರು ತಡೆದು ನಿಲ್ಲಿಸಿದ ಬಯಲಿದು. ಅದರ ಚರಿತ್ರೆ ತಿಳಿಯಲೆಂದು ಅವನು ಅಪ್ಪನ ಜೊತೆ ಅಲ್ಮಾಟಿಯಿಂದ ಬಂದಿದ್ದ. ಮುದುಕಿ ಹೇಳಿದ ಮಾಟದ ಕತೆಯನ್ನೂ ಕೇಳಿಸಿಕೊಂಡ, ಆಮೇಲೆ ಗೆಳೆಯರ ಮುಂದೆ ಹೇಳಿ ನಗಲಿಕ್ಕೆ. ಬೋರಂಬಾಯ್ ಎಂಬ ವೀರ ಇಲ್ಲಿ ಮಕ್ಕಳಿಲ್ಲದೆ ಸತ್ತನಂತೆ. ಅವನ ತಾಯಿ ಕುದುರೆಬಾಲದ ಹಗ್ಗಕ್ಕೆ ಉಗುಳಿ ಗಂಟು ಹಾಕಿ, ತನ್ನ ಮಗನನ್ನು ತಾತನೆಂದು ಕರೆದವನು ತನ್ನ ಮನೆಯವನೇ ಆಗಲಿ, ಹೆತ್ತವರು ಅವನನ್ನು ಮರೆಯಲಿ ಎಂದಳಂತೆ.

ಅಪ್ಪ ಸಾಗಿನ್‌ಬೆಕ್ ಮಂಡಿ ನೋವು ಎಂದು ಕಾರಿನಲ್ಲೇ ಉಳಿದ. ಅವನ ತಲೆ ನೆರೆತ ಮೇಲೆ ಹುಟ್ಟಿದ ಒಬ್ಬನೇ ಮಗ ಅಲ್ಡಿಯಾರ್. ಅಪ್ಪನ ಪ್ರಾಣವೆಲ್ಲ ಅವನ ಮೇಲೆಯೇ.

"ಏಳೂ ಹೆಸರು ನೆನಪಿದೆಯೇನೋ ಕತ್ತೆ?"

"ಇದೆ ಅಪ್ಪಾ, ನೀನು ಚಹಾ ಬಗ್ಗಿಸು. ಈಗ ಬಂದೆ."

ಇರಲಿಲ್ಲ. ಚಿಕ್ಕವನಿದ್ದಾಗ ರಾತ್ರಿ ಅಪ್ಪ ಬಾಯಿಪಾಠ ಮಾಡಿಸುವಾಗ ಆರನೆಯ ಹೆಸರಿಗೇ ಈ ಮಹಾಶಯನಿಗೆ ನಿದ್ದೆ ಬಂದುಬಿಡುತ್ತಿತ್ತು.

ಹೊತ್ತು ಇಳಿದಿತ್ತು. ಜುಸಾನ್ ಹುಲ್ಲಿನ ಕಹಿ ವಾಸನೆ ಗಂಟಲಿಗೇ ಇಳಿಯುತ್ತಿತ್ತು. ಕಟ್ಟಕಡೆಯ ಕಲ್ಲಿಗೆ ಕಪ್ಪು ಹಗ್ಗ ಸುತ್ತಿತ್ತು, ಮೈತುಂಬ ಗಂಟು. ಅವನು ಬಗ್ಗಿ ಹೆಸರು ಓದಿದ: ಬೋರಂಬಾಯ್. ಆಗ ಗಾಳಿ ನಿಂತಿತು. ಕುದುರೆಯ ಬೆವರಿನ ವಾಸನೆ ಬಂತು. ಸುತ್ತ ಎಲ್ಲೂ ಕುದುರೆ ಇರಲಿಲ್ಲ.

"ಯಾರ ಮಗನಪ್ಪ ನೀನು?"

ದನಿ ಬೆನ್ನ ಹಿಂದಿನಿಂದ ಬಂತು. ಮುದುಕಿಯೇ ಆಟ ಆಡಿಸುತ್ತಿದ್ದಾಳೆ ಎಂದುಕೊಂಡ ಅವನು ತಿರುಗಲೂ ಇಲ್ಲ. ಸಾಗಿನ್‌ಬೆಕ್, ಒತೆಗೆನ್, ಜರಾಸ್ ಎಂದು ಶುರುಮಾಡಿ ಆರು ಹೆಸರನ್ನೂ ಪಟಪಟನೆ ಒಪ್ಪಿಸಿದ. ಏಳನೆಯದು ನಾಲಿಗೆಗೆ ಬರಲಿಲ್ಲ. ಮರೆತೆ ಎನ್ನಬಹುದಿತ್ತು. ಆದರೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದು ಅವನ ಜಾಯಮಾನವಲ್ಲ.

"ಏಳನೆಯವನು ಬೋರಂಬಾಯ್," ಎಂದು ನಕ್ಕ.

ಹಗ್ಗ ಅಲುಗಿತು. ಮುಟ್ಟಿದವರಿಲ್ಲ. ಅದರ ತುದಿ ತಾನೇ ಮಡಚಿಕೊಂಡಿತು. ಗಂಟು ಬಿತ್ತು. ಬಿಗಿಯಿತು. ಕಿವಿಯ ಹತ್ತಿರ ತಣ್ಣನೆಯ ಉಸಿರು.

"ಬಂದೆಯಾ ಮಗನೇ."

ಓಡಿದ. ಎಡವಿದ. ಎದ್ದ. ಹಿಂದೆ ಗೊರಸಿನ ಸದ್ದು. ಹತ್ತಿರ. ಇನ್ನೂ ಹತ್ತಿರ. ದಾರಿಯಲ್ಲಿ ಕುಲ್ಯಾಶ್ ಅವನ ಮುಖ ನೋಡಿದವಳೇ, ಸತ್ತವರಿಗಾಗಿ ಪ್ರಾರ್ಥಿಸುವಂತೆ ಅಂಗೈಗಳಿಂದ ಮುಖ ಸವರಿಕೊಂಡು ತಲೆ ತಗ್ಗಿಸಿದಳು. ಕಾರು ಕಂಡಿತು. ಅಪ್ಪ ಕಂಡ. ಗೊರಸಿನ ಸದ್ದು ನಿಂತಿತು. ಅವನಿಗೆ ಅಳುವೇ ಬಂತು.

"ಅಪ್ಪಾ, ನಡಿ, ಬೇಗ!"

ಸಾಗಿನ್‌ಬೆಕ್ ಮೆಲ್ಲಗೆ ಕಿಟಕಿ ಇಳಿಸಿದ. "ಯಾಕಪ್ಪ, ಯಾರಾದ್ರೂ ಅಟ್ಟಿಸ್ಕೊಂಡು ಬಂದ್ರಾ? ಯಾರ ಮಗ ನೀನು?"

ನಿನ್ನ ಮಗ ಎನ್ನಲು ಬಾಯಿ ತೆರೆದ. "ಬೋರಂಬಾಯ್ ಮಗ," ಎಂದಿತು ನಾಲಿಗೆ.

"ದೊಡ್ಡ ಮನೆತನ," ಎಂದು ಮುದುಕ ತಲೆಯಾಡಿಸಿದ. ಪಕ್ಕದ ಸೀಟಿನ ಮೇಲೆ ಎರಡು ಬಟ್ಟಲು ಚಹಾ ಇನ್ನೂ ಹಬೆಯಾಡುತ್ತಿತ್ತು. ಅದನ್ನೇ ಒಂದು ಗಳಿಗೆ ನೋಡಿ, ಬೌರ್ಸಾಕ್ ರೊಟ್ಟಿಯ ಗಂಟನ್ನು ಕಿಟಕಿಯಿಂದ ಚಾಚಿದ.

"ತಗೋ, ದಾರೀಲಿ ತಿನ್ನು. ಯಾರಿಗೆ ಅಂತ ಇಷ್ಟೊಂದು ಕಟ್ಟಿಸ್ಕೊಂಡು ಬಂದೆನೋ. ನನಗೇನು ಮಕ್ಕಳಾ, ಮರಿಯಾ?"