ಹಗ್ಗ ಎಳೆಯದ ಹಲ್ಲಿಯಕ್ಕ

ಡ್ರೈವರಮ್ಮನಿಗೆ ಬೇಕಾಗಿದ್ದದ್ದು ಒಬ್ಬ ಗೈಡು. ಬಂಡೆ ಹತ್ತಿಸುವ ಗೈಡಲ್ಲ, ಹತ್ತಲು ಬಿಡುವ ಗೈಡು. ಮೊದಲನೆಯ ಬಗೆಯವರು ಬಂಡೆಯೂರಿನಲ್ಲಿ ಬೀದಿಗೊಬ್ಬರಂತೆ ಇದ್ದರು. ಎರಡನೆಯ ಬಗೆಯವರನ್ನು ಹುಡುಕುವುದರಲ್ಲೇ ರಜೆಯ ಮೊದಲ ದಿನ ಮಧ್ಯಾಹ್ನವಾಗಿತ್ತು.

ಉಳಿದದ್ದು ನಾಳೆ ಒಂದೇ ದಿನ. ನಾಳೆ ಸಂಜೆ ಕಾವಲುಗಾರ ಬಂಡೆಯ ದಾರಿಯ ಗೇಟಿಗೆ ಬೀಗ ಹಾಕುತ್ತಾನೆ. ಆಮೇಲೆ ಅದು ಹದ್ದುಗಳು ಗೂಡು ಕಟ್ಟುವ ಕಾಲ. ಮರಿಗೆ ರೆಕ್ಕೆ ಬಲಿಯುವವರೆಗೆ ಮನುಷ್ಯರಿಗೆ ಅಲ್ಲಿ ಜಾಗವಿಲ್ಲ. ಗೇಟು ಮತ್ತೆ ತೆರೆಯುವ ಹೊತ್ತಿಗೆ ಗಂಡ ಹೆಂಡತಿ ಇಬ್ಬರಿಗೂ ಒಟ್ಟಿಗೆ ರಜೆ ಸಿಗುತ್ತದೆಂಬ ಭರವಸೆಯೂ ಇರಲಿಲ್ಲ. ಅವಳು ಓಡಿಸುವ ಸಿಟಿ ಬಸ್ಸಿಗೆ ಅವನೇ ಕಂಡಕ್ಟರು. ಇಬ್ಬರೂ ಒಂದೇ ದಿನ ರಜೆ ಕೇಳಿದರೆ ಡಿಪೋದ ಸಾಹೇಬರಿಗೆ ಹಲ್ಲು ನೋವು ಬರುತ್ತಿತ್ತು.

ಹೋದ ವರ್ಷ ಇದೇ ಬಂಡೆಯ ನೆತ್ತಿಯನ್ನು ಡ್ರೈವರಮ್ಮ ಮುಟ್ಟಿ ಬಂದಿದ್ದಳು. ಮುಕ್ಕಾಲು ಎತ್ತರದಲ್ಲಿ ಬಂಡೆ ಮುಂದಕ್ಕೆ ಉಬ್ಬಿಕೊಂಡಿದೆ. ಅದನ್ನು ಎಲ್ಲರೂ 'ಹೊಟ್ಟೆ' ಎನ್ನುತ್ತಾರೆ. ಅಲ್ಲಿ ಅವಳ ಕಾಲು ಹೊಲಿಗೆ ಯಂತ್ರದ ಸೂಜಿಯಂತೆ ನಡುಗಿತ್ತು. ಕೆಳಗಿನಿಂದ ಗಂಡ "ಎಳೀರಿ ಸ್ವಾಮಿ, ಎಳೀರಿ" ಎಂದು ಬಾಯಿ ಬಡಿದುಕೊಂಡಿದ್ದ. ಗೈಡು ಎಳೆದಿದ್ದ. ಊರಿಗೆ ಮರಳಿದಾಗ ಡಿಪೋದವರು ಚಪ್ಪಾಳೆ ತಟ್ಟಿದರು. ಹತ್ತಿದ್ದು ಹಗ್ಗ, ಹೊಗಳಿಸಿಕೊಂಡದ್ದು ತಾನು ಎಂಬುದು ಅವಳಿಗೂ ಗಂಡನಿಗೂ ಮಾತ್ರ ಗೊತ್ತಿತ್ತು. ಆ ಚಪ್ಪಾಳೆ ಅಂಗಾಲಿನ ಮುಳ್ಳಿನ ಹಾಗೆ, ಬಸ್ಸಿನ ಬ್ರೇಕು ತುಳಿದಾಗಲೆಲ್ಲ ಚುಚ್ಚುತ್ತಿತ್ತು.

ಈ ಸಲ ಹೊರಡುವಾಗ ಅತ್ತೆ ಬಾಗಿಲಲ್ಲಿ ನಿಂತು ಹೇಳಿದ್ದರು: "ಜನ ಬಸ್ಸು ಹತ್ತೋಕೆ ಗುದ್ದಾಡ್ತಾರೆ. ನೀವಿಬ್ರೂ ಬಸ್ಸು ಬಿಟ್ಟು ಬಂಡೆ ಹತ್ತೋಕೆ ಹೋಗ್ತೀರಲ್ಲ, ನಿಮ್ಮ ಬುದ್ಧಿಗೆ ಏನನ್ನಲಿ. ಹುಷಾರಾಗಿ ಬನ್ನಿ."

ಮೊದಲು ಕಂಡ ಗೈಡಿನ ಕಚೇರಿ ಒಂದು ಮೆಟ್ಟಿಲಿನ ಅಡಿಯಲ್ಲಿತ್ತು. "ನೀವೇನೂ ಮಾಡೋದು ಬೇಡ ಮೇಡಂ," ಎಂದ ಅವನು. "ಕಣ್ಮುಚ್ಚಿ ಬಿಡೋದ್ರಲ್ಲಿ ಮೇಲಿರ್ತೀರಿ."

"ಏನಾದ್ರೂ ಮಾಡೋಣ ಅಂತಲೇ ಬಂದಿದ್ದು," ಎಂದು ಡ್ರೈವರಮ್ಮ ಎದ್ದಳು.

ಎರಡನೆಯವನು ಇನ್ನೂ ಧಾರಾಳಿ. "ಹಿಟ್ಟಿನ ಮೂಟೆ ಕಟ್ಟಿ ಕೊಟ್ರೂ ಮೇಲೆ ಮುಟ್ಟಿಸ್ತೀವಿ," ಎಂದ. ಕಂಡಕ್ಟರ ಕಿಸಕ್ಕನೆ ನಕ್ಕ. ಹೆಂಡತಿ ತಿರುಗಿ ನೋಡಿದ ನೋಟಕ್ಕೆ ಆ ನಗು ಅರ್ಧ ದಾರಿಯಲ್ಲೇ ಕೆಟ್ಟು ನಿಂತಿತು.

ಮೂರನೆಯದು ಗೈಡಿನ ಕಚೇರಿಯೇ ಅಲ್ಲ, ಷೂ ರಿಪೇರಿ ಅಂಗಡಿ. ಬಂಡೆ ಹತ್ತುವವರ ಬೂಟಿಗೆ ಹೊಸ ಅಟ್ಟೆ ಹಾಕುವ ಜಾಗ; ಹಾಕುವವಳು ಗೈಡೂ ಹೌದು. ಗೋಡೆಯ ತುಂಬ ಬೂಟಿನ ಅಚ್ಚಿನ ಮರದ ಪಾದಗಳು ಜೋಡಿ ಜೋಡಿಯಾಗಿ ತೂಗುತ್ತಿದ್ದವು. ಅಂಟಿನ ವಾಸನೆ ಮೂಗಿಗೆ ಅಡರುತ್ತಿತ್ತು. ಒಳಗೆ ಗಿಡ್ಡ ಸ್ಟೂಲಿನ ಮೇಲೆ ಐವತ್ತು ದಾಟಿದ ಹೆಂಗಸು, ತೊಡೆಯ ಮೇಲೆ ಬೂಟು ಮಗುಚಿಕೊಂಡು ಕೂತಿದ್ದಳು. ಕಡ್ಡಿಯಂಥ ಮೈ, ಮೊರದಂಥ ಅಂಗೈ. ಗೋಡೆಗೆ ಅಂಟಿದರೆ ಬಿಡಿಸಲಾಗದು ಎಂದು ಜನ ಅವಳಿಗೆ ಹಲ್ಲಿಯಕ್ಕ ಎಂದು ಹೆಸರಿಟ್ಟಿದ್ದರು. ಅವಳು ಬಂದವರ ಮುಖ ನೋಡಲಿಲ್ಲ, ಕಾಲು ನೋಡಿದಳು.

"ಡ್ರೈವರ್ರಾ?"

"ಹೇಗೆ ಗೊತ್ತಾಯ್ತು?"

"ಬಲಗಾಲಿಂದು ಮಾತ್ರ ಬೆರಳ ಹತ್ರ ಸವೆದಿದೆ. ಇವ್ರದ್ದು ಎರಡೂ ಹಿಮ್ಮಡಿ ಹೋಗಿದೆ. ನಿಂತೇ ಬದುಕೋ ಜೀವ."

"ಕಂಡಕ್ಟರ್," ಎಂದ ಅವನು. "ಊರಿಗೆಲ್ಲ ಸೀಟು ಹುಡುಕಿ ಕೊಡ್ತೀನಕ್ಕ. ನನಗೊಂದು ಸಿಗಲ್ಲ."

ಡ್ರೈವರಮ್ಮ ಸುತ್ತಿ ಬಳಸಿ ಮಾತಾಡುವವಳಲ್ಲ. "ಹೊಟ್ಟೆ ಹತ್ರ ನಾನು ಸಿಕ್ಕಿಕೊಂಡ್ರೆ ಎಳೀತೀರಾ?"

ಹಲ್ಲಿಯಕ್ಕ ಈಗ ಮುಖ ಎತ್ತಿದಳು. "ಎಳೀಬೇಕಾ?"

"ಬೇಡ. ಹೋದ ವರ್ಷ ಎಳೆಸಿಕೊಂಡು ಸಾಕಾಗಿದೆ."

"ಹಾಗಾದ್ರೆ ಕೇಳಿ. ಬಿದ್ರೆ ಹಿಡೀತೀನಿ, ಅದು ನನ್ನ ಕೆಲಸ. ಎಳೆಯಲ್ಲ. ಆಗಲಿಲ್ವಾ, ಮೂವರೂ ಇಳಿದು ಬರೋದು. ನಾನು ಇಳೀರಿ ಅಂದ್ರೆ ಇಳೀಬೇಕು, ಅಲ್ಲಿ ವಾದ ಇಲ್ಲ." ಅವಳು ಮೇಣದ ದಾರದ ಎರಡು ತುದಿ ಹಿಡಿದು ನಡುವೆ ಜೋಲು ಬಿಟ್ಟಳು. ಅದು ನಗುವ ತುಟಿಯಂತೆ ಬಾಗಿತು. "ಹಗ್ಗ ನಿಮ್ಮ ಸೊಂಟದ ಹತ್ರ ಹೀಗೆ ನಗ್ತಿದ್ರೆ, ಹತ್ತುತ್ತಿರೋದು ನೀವು. ಬಿಗಿದ್ರೆ, ನಾನು. ನೀವೇ ನೋಡ್ಕೋಬಹುದು, ಯಾರನ್ನೂ ಕೇಳೋದು ಬೇಡ."

ಡ್ರೈವರಮ್ಮನಿಗೆ ಆ ಅಂಟಿನ ವಾಸನೆಯೂ ಪರಿಮಳವೆನಿಸಿತು. ಮಾತು ಮುಗಿಸಿ ಹೊರಬಂದರೆ ಗಂಡ ಹಿಂದೆ ಇಲ್ಲ. "ನೀನು ನಡೀತಿರು, ಲೇಸು ಬಿಚ್ಚಿದೆ," ಎಂದು ಅಂಗಡಿಯೊಳಗಿನಿಂದಲೇ ಕೂಗಿದ.

ಬೆಳಗಾಯಿತು. ಇಬ್ಬನಿ ಹುಲ್ಲಿನ ಮೇಲೆ, ಹುಲ್ಲು ಇಳಿಜಾರಿನ ಮೇಲೆ, ಇಳಿಜಾರು ಕಾಡಿನ ಮೇಲೆ, ಎಲ್ಲಕ್ಕೂ ಮೇಲೆ ಬಂಡೆ. ಕಪ್ಪು, ಬೂದು, ಕಾವಿ ಮೂರೂ ಬಣ್ಣ ಉದ್ದುದ್ದ ಹರಿದಿಳಿದ ಅದರ ಎದೆಗೆ ಮೊದಲ ಬಿಸಿಲು ಬಿದ್ದಾಗ ತಣ್ಣನೆಯ ಕಲ್ಲಿಗೂ ಜೀವ ಬಂದಂತಾಯಿತು. ನೆತ್ತಿಯ ಸುತ್ತ ಎರಡು ಹದ್ದುಗಳು ರೆಕ್ಕೆ ಬಡಿಯದೆ, ಸದ್ದು ಮಾಡದೆ, ಯಾರೋ ಮೇಲಿನಿಂದ ನೂಲು ಹಿಡಿದು ತಿರುಗಿಸುತ್ತಿರುವಂತೆ ಸುತ್ತುತ್ತಿದ್ದವು. ಡ್ರೈವರಮ್ಮ ತಲೆಯೆತ್ತಿ ನೋಡಿದಳು. ಇಷ್ಟು ದೊಡ್ಡದನ್ನು ನಿಲ್ಲಿಸಿದವನು ತನ್ನ ಪುಟ್ಟ ಎರಡು ಕಾಲನ್ನೂ ಸ್ವಲ್ಪ ಹೊತ್ತು ನಿಲ್ಲಿಸಲಿ ಎಂದು ಮನಸ್ಸಿನಲ್ಲೇ ಕೈಮುಗಿದಳು.

ಮುಂದೆ ಹಲ್ಲಿಯಕ್ಕ, ನಡುವೆ ಡ್ರೈವರಮ್ಮ, ಕೊನೆಗೆ ಕಂಡಕ್ಟರ. ಹಲ್ಲಿಯಕ್ಕ ಹತ್ತಿ ಕಲ್ಲು ಹೊರಚಾಚಿದ ಒಂದು ಚಾಚಿನ ಮೇಲೆ ಕೂತು ಹಗ್ಗ ಹಿಡಿದರೆ ಉಳಿದವರು ಒಬ್ಬೊಬ್ಬರಾಗಿ ಹತ್ತುವುದು, ಮತ್ತೆ ಅವಳು ಮುಂದೆ ಹೋಗುವುದು. ಕೆಳಗಿನ ಬಂಡೆ ಸಲೀಸಾಗಿತ್ತು. ಬೆರಳಿಗೆ ಬಿರುಕು ಸಿಕ್ಕಿತು, ಕಾಲಿಗೆ ಕಲ್ಲಿನ ಗಂಟು ಸಿಕ್ಕಿತು. ಕಲ್ಲಿನ ಸಂದಿನಲ್ಲಿ ಹಳದಿ ಹೂವೊಂದು ಸಿಕ್ಕಿ, ಕಂಡಕ್ಟರ ಅದಕ್ಕೆ "ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ" ಎಂದ. ಹಗ್ಗ ಡ್ರೈವರಮ್ಮನ ಸೊಂಟದ ಹತ್ತಿರ ನಗುತ್ತಲೇ ಇತ್ತು. ಅವಳೂ ನಗುತ್ತಿದ್ದಳು.

ಹೊಟ್ಟೆ ಬಂತು.

ಹಲ್ಲಿಯಕ್ಕ ಅದನ್ನು ದಾಟಿ ಮೇಲೆ ಕಣ್ಮರೆಯಾದಳು. ಅವಳ ದನಿ ಮಾತ್ರ ಇಳಿದು ಬಂತು: "ಇನ್ನು ನನಗೆ ನೀವು ಕಾಣಲ್ಲ ಡ್ರೈವರಮ್ಮ. ಪಡುವಲಲ್ಲಿ ಮೋಡ ಏಳ್ತಿದೆ. ಮಳೆ ಬಿದ್ರೆ ಹೊಟ್ಟೆ ಸೋಪಾಗತ್ತೆ. ಹೊರಡಿ."

ಕಂಡಕ್ಟರ ಕೆಳಗಿನ ಚಾಚಿನ ಮೇಲೆ, ಬಂಡೆಗೆ ಹೊಡೆದ ಕೊಂಡಿಗೆ ಕಟ್ಟಿಕೊಂಡು ನಿಂತಿದ್ದ. ಡ್ರೈವರಮ್ಮ ಬಿರುಕಿಗೆ ಬೆರಳು ತೂರಿಸಿ ಏರಿದಳು. ಉಬ್ಬು ಎದೆಗೆ ತಾಗಿತು. ಬಂಡೆಯನ್ನು ತಬ್ಬಿಕೊಂಡಳು. ಎಡಗಾಲಿಗೆ ಆಸರೆ ಬೇಕು. ಕೆಳಗೆ ನೋಡಿದರೆ ಕಾಣುವುದು ಬಂಡೆಯ ಹೊಟ್ಟೆ, ತನ್ನ ಹೊಟ್ಟೆ, ಅಷ್ಟೆ. ಕಾಲು ಗಾಳಿಯಲ್ಲಿ ತಡಕಾಡಿತು. ಬಲಗಾಲು ನಡುಗತೊಡಗಿತು.

ಬೆರಳು ಜಾರಿತು.

ಆಕಾಶ ಒಮ್ಮೆ ಮಗುಚಿತು. ಹಗ್ಗ ಬಿಗಿಯಿತು. ಅವಳು ಒಂದಾಳುದ್ದ ಕೆಳಗೆ ತೂಗುತ್ತಿದ್ದಳು. ಗೆಣ್ಣಿನ ಚರ್ಮ ಸುಲಿದಿತ್ತು.

"ಹಿಡಿದಿದ್ದೀನಿ," ಎಂದಿತು ಮೇಲಿನ ದನಿ, ತರಕಾರಿ ಅಂಗಡಿಯಲ್ಲಿ ಮಾತಾಡುವಷ್ಟೇ ನಿಧಾನವಾಗಿ. "ಪೆಟ್ಟಾಯ್ತಾ?"

"ಇಲ್ಲ."

"ಮೋಡ ಹತ್ರ ಬಂತು. ಇನ್ನೊಂದು ಸಲ ನೋಡಿ. ಆಗಲಿಲ್ಲ ಅಂದ್ರೆ ಇಳಿಯೋಣ."

ಇನ್ನೊಂದು ಸಲ. ಆಮೇಲೆ ಗೇಟಿಗೆ ಬೀಗ. ಡ್ರೈವರಮ್ಮ ಬಂಡೆಗೆ ಕಾಲು ಕೊಟ್ಟು ಮತ್ತೆ ಬಿರುಕಿಗೆ ಬೆರಳು ತೂರಿಸಿ, ಉಬ್ಬಿನವರೆಗೆ ಏರಿ ಅದನ್ನು ತಬ್ಬಿಕೊಂಡಳು. ಹಗ್ಗ ನಿಧಾನವಾಗಿ ಸಡಿಲಗೊಂಡು ಮತ್ತೆ ಜೋಲುಬಿತ್ತು. ಕೆಳಗೆ ಗಂಡ ಉಸಿರೆಳೆದುಕೊಂಡದ್ದು ಅವಳಿಗೆ ಕೇಳಿಸಿತು. ಆ ಉಸಿರು ಅವಳಿಗೆ ಗೊತ್ತು. ಮುಂದಿನ ಮಾತೂ ಗೊತ್ತು: ಎಳೀರಿ ಸ್ವಾಮಿ, ಎಳೀರಿ. ಅದು ಬರುವ ಮೊದಲೇ ಅವಳ ಕಣ್ಣು ತುಂಬಿತು.

ಆದರೆ ಕಂಡಕ್ಟರ ಕೆಳಗಿನಿಂದ ನೋಡುತ್ತಿದ್ದ. ಹೆಂಡತಿಗೆ ಕಾಣದ್ದು ಅವನಿಗೆ ಕಾಣುತ್ತಿತ್ತು. ಅವಳ ಎಡಗಾಲಿನಿಂದ ಗೇಣು ದೂರದಲ್ಲಿ, ಉಬ್ಬಿನ ಪಕ್ಕಕ್ಕೆ, ಊಟದ ತಟ್ಟೆಯಷ್ಟಗಲದ ಚಾಚು. ದಿನಾ ಡಿಪೋದ ಇಕ್ಕಟ್ಟಿನಲ್ಲಿ ಬಸ್ಸು ಹಿಂದೆ ತೆಗೆಯುವಾಗ ಅವನು ನಿಲ್ಲುವ ಜಾಗವೇ ಇದು: ಹಿಂದೆ, ಕೆಳಗೆ, ಅವಳಿಗೆ ಕಾಣದಲ್ಲಿ.

"ಲೇ," ಎಂದ. ತುಂಬಿದ ಬಸ್ಸಿನ ಕೊನೆಯ ಸೀಟಿಗೂ ಮುಟ್ಟುವ ಆ ಗಂಟಲಿಗೆ ಗಾಳಿ ಯಾವ ಲೆಕ್ಕ. "ಗೋಡೆ ತಬ್ಬಿಕೋಬೇಡ. ಹಿಂದೆ ತೆಗಿಯೋವಾಗ ಗೋಡೆಗೆ ಅಂಟ್ತೀಯೇನು? ಮೂತಿ ಹೊರಗೆ ಬಿಡು."

ಡ್ರೈವರಮ್ಮನ ಮೈಗೆ ಆ ಮಾತು ತಲೆಗಿಂತ ಮೊದಲು ಅರ್ಥವಾಯಿತು. ಮುಂಭಾಗ ಹೊರಗೆ ಹೋದರಲ್ಲವೇ ಹಿಂಭಾಗ ಒಳಗೆ ಬರುವುದು. ಅವಳು ತೋಳು ಚಾಚಿ, ಎದೆಯನ್ನು ಬಂಡೆಯಿಂದ ಬಿಡಿಸಿ, ಬಯಲಿಗೆ ಒಡ್ಡಿದಳು. ಕೆಳಗೆ ಕಾಡು, ಬೆನ್ನಿಗೆ ಗಾಳಿ.

"ಹಾಂ. ಎಡಗಾಲು. ಬರ್ಲಿ... ಬರ್ಲಿ... ಜಾಗ ಇದೆ, ಬರ್ಲಿ... ಇನ್ನು ಸ್ವಲ್ಪ ಎಡಕ್ಕೆ ಹೊಡಿ... ಬರ್ಲಿ... ಹೋಲ್ಡಾನ್."

ಅವಳು ಕಾಲಿಟ್ಟಳು. ನೋಡದೆ ಇಟ್ಟಳು. ಅಡಿಯಲ್ಲಿ ಕಲ್ಲಿತ್ತು.

"ಕೂತಿದೆ. ಭಾರ ಹಾಕು. ರೈಟ್."

ನಡುಕ ನಿಂತಿತು. ಎಡಗಾಲಿನ ಮೇಲೆ ಅವಳು ಎದ್ದು ನಿಂತಳು, ಮೆಟ್ಟಿಲ ಮೇಲೆ ನಿಂತ ಹಾಗೆ. ಬಲಗೈ ಮೇಲೆ ಹೋಯಿತು, ಇನ್ನೂ ಮೇಲೆ, ಬಿರುಕಿನ ಅಂಚು ಬೆರಳಿಗೆ ತಾಗಿತು. ಹಿಡಿದಳು. ಹಿಡಿದು ಒಂದು ಕ್ಷಣ ತಗ್ಗಿ ನೋಡಿದಳು. ಹಗ್ಗ ಸೊಂಟದ ಗಂಟಿನಿಂದ ಮೊಣಕಾಲಿನವರೆಗೆ ಇಳಿಬಿದ್ದು, ಕಿವಿಯಿಂದ ಕಿವಿಗೆ ನಗುತ್ತಿತ್ತು.

ಆಮೇಲಿನದು ಬರೀ ದುಡಿಮೆ. ಮೊಣಕೈ ತರಚಿತು, ಮೊಣಕಾಲು ತರಚಿತು, ಗಲ್ಲವನ್ನೂ ಒಂದು ಕಡೆ ಊರಿದಳೇನೋ. ಹೊಟ್ಟೆಯ ಮೇಲೆ ಹೊಟ್ಟೆಯಿಟ್ಟು ಉರುಳಿ ನೋಡಿದರೆ ಎದುರಿಗೆ ಹಲ್ಲಿಯಕ್ಕನ ಬೂಟು.

"ಬಂದ್ರಾ? ಬನ್ನಿ, ಕೂತ್ಕೊಳ್ಳಿ," ಎಂದಳು ಹಲ್ಲಿಯಕ್ಕ, ಅಂಗಡಿಗೆ ಬಂದವರಿಗೆ ಹೇಳಿದಂತೆ. ಆದರೆ ಅವಳ ಮೊರದಂಥ ಕೈ ಡ್ರೈವರಮ್ಮನ ಬೆನ್ನಿನ ಮೇಲೆ ತುಸು ಹೊತ್ತು ನಿಂತಿತ್ತು.

ಮೊದಲ ಹನಿ ಬಿತ್ತು. ಕಂಡಕ್ಟರನ ಸರದಿ. ಅವನಿಗೆ ಬರ್ಲಿ ಬರ್ಲಿ ಎನ್ನಲು ಕೆಳಗೆ ಯಾರೂ ಉಳಿದಿರಲಿಲ್ಲ. ಅವನು ಏರಿ ಬರುವಷ್ಟರಲ್ಲಿ ಹೊಟ್ಟೆ ಒದ್ದೆಯಾಗಿ ಹೊಳೆಯುತ್ತಿತ್ತು. ಅವನು ಎರಡು ಸಲ ಜಾರಿ, ಮೂರನೆಯ ಸಲ ಯಾವ ಮುಜುಗರವೂ ಇಲ್ಲದೆ ಕೂಗಿದ: "ನನಗೆ ಮಾನ ಮರ್ಯಾದೆ ಏನೂ ಇಲ್ಲ. ಇಬ್ರೂ ಸೇರಿ ಎಳೀರಿ."

ಹೆಂಗಸರಿಬ್ಬರೂ ಬಂಡೆಗೆ ಹಿಮ್ಮಡಿ ಊರಿ ಎಳೆದರು. ಡ್ರೈವರಮ್ಮನಿಗೆ ನಗು ತಡೆಯದೆ ನಡುವೆ ಮೂರು ಸಲ ನಿಲ್ಲಿಸಬೇಕಾಯಿತು. ಬಾವಿಯಿಂದ ಬರುವ ಕೊಡದ ಹಾಗೆ, ಅಲ್ಲಲ್ಲಿ ತಾಗುತ್ತ, ನೀರು ಸುರಿಸುತ್ತ, ಕಂಡಕ್ಟರ ಮೇಲೆ ಬಂದ.

"ಅಬ್ಬ, ಎಂಥ ಸುಖ," ಎಂದು ಅಂಗಾತ ಮಲಗಿದ. "ನೀನು ಹೋದ ವರ್ಷ ಇದಕ್ಕಾ ಅಳ್ತಿದ್ದದ್ದು?"

ನೆತ್ತಿಗೆ ಇನ್ನು ನಡೆದೇ ಹೋಗಬಹುದಿತ್ತು. ಅಲ್ಲಿ ನಿಂತಾಗ ಮಳೆಯ ಪರದೆ ಒಂದು ಕಡೆ ಸರಿದು, ದೂರದ ಹೊಲ, ಹೊಳೆ, ದಾರದೆಳೆಯಂಥ ರಸ್ತೆ ಎಲ್ಲ ತೊಳೆದಿಟ್ಟಂತೆ ಕಂಡವು. ಕಂಡಕ್ಟರ ಅದನ್ನೆಲ್ಲ ನೋಡಲಿಲ್ಲ. ಬೂಟಿನ ಲೇಸು ನೋಡುತ್ತಿದ್ದ.

"ಒಂದು ಮಾತು ಹೇಳ್ತೀನಿ, ಬೈಬೇಡ. ನಿನ್ನೆ ನಾನು ಹಲ್ಲಿಯಕ್ಕನಿಗೆ ಗುಟ್ಟಾಗಿ ಹೇಳಿದ್ದೆ. ಹೊಟ್ಟೆ ಹತ್ರ ನಿನಗೆ ಗೊತ್ತಾಗದ ಹಾಗೆ ಸ್ವಲ್ಪ ಎಳೀರಿ ಅಂತ."

ಡ್ರೈವರಮ್ಮ ಹಲ್ಲಿಯಕ್ಕನ ಕಡೆ ತಿರುಗಿದಳು. "ನೀವೇನಂದ್ರಿ?"

"ಆಗಲಿ ಅಂದೆ. ಇಲ್ಲ ಅಂದಿದ್ರೆ ರಾತ್ರಿಯೆಲ್ಲ ನಿದ್ದೆ ಮಾಡ್ತಿರಲಿಲ್ಲ ಇವ್ರು. ನಿದ್ದೆಗೆಟ್ಟೋರನ್ನ ನಾನು ಹಗ್ಗಕ್ಕೆ ಕಟ್ಟಲ್ಲ." ಹಲ್ಲಿಯಕ್ಕ ಹಗ್ಗ ಸುತ್ತುತ್ತ ಮುಂದುವರಿಸಿದಳು. "ಹೊಟ್ಟೆ ಹತ್ರ ಎಳೆದೆನಲ್ಲ, ಇವ್ರನ್ನೇ. ಮಾತು ಉಳಿಸಿಕೊಂಡ ಹಾಗಾಯ್ತು."

ಡ್ರೈವರಮ್ಮ ಗಂಡನನ್ನು ಬೈಯಬೇಕೆಂದು ಬಾಯಿ ತೆರೆದಳು. ಬಯ್ಗುಳದ ಬದಲು ನಗು ಬಂತು. "ಮತ್ತೆ ಇವತ್ತು ಎಳೀರಿ ಅಂತ ಯಾಕೆ ಕೂಗಲಿಲ್ಲ?"

"ಕೂಗೋಕೇ ಬಾಯಿ ತೆಗೆದೆ. ನಿನ್ನ ಕಾಲು ಕಂಡಿತು. ಒಂದೇ ಗೇಣು." ಅವನು ಕಿರುಬೆರಳು ಹೆಬ್ಬೆರಳು ಅಗಲಿಸಿ ತೋರಿಸಿದ. "ಅಭ್ಯಾಸಬಲ."

ಇಳಿಯುವ ದಾರಿ ಬಂಡೆಯ ಬೆನ್ನಿನ ಕೊರಕಲು. ಮಳೆ ಅದನ್ನು ತೊರೆಯನ್ನಾಗಿ ಮಾಡಿತ್ತು. ಕಾಲಡಿಯ ಕಲ್ಲು ಉರುಳುತ್ತಿತ್ತು, ಹಿಡಿದ ಬೇರು ಕಿತ್ತು ಬರುತ್ತಿತ್ತು, ಮೊಣಕಾಲವರೆಗೆ ತಣ್ಣೀರು. ಎರಡು ಕಡೆ ಹಲ್ಲಿಯಕ್ಕ ಹಗ್ಗ ಬಿಗಿದು ಇಬ್ಬರನ್ನೂ ಇಳಿಸಿ, ತಾನು ಬರಿಗೈಯಲ್ಲಿ ಇಳಿದು ಬಂದಳು. ಒಂದು ಕಡೆ ಕಂಡಕ್ಟರನ ಟೋಪಿ ನೀರುಪಾಲಾಯಿತು. "ಟಿಕೆಟ್ ಇಲ್ದೆ ಹೊರಟುಹೋಯ್ತು," ಎಂದು ಅವನು ಅದಕ್ಕೆ ಕೈಬೀಸಿದ. ಯಾರ ಹಲ್ಲಿನ ಕಟಕಟವೂ ನಿಲ್ಲಲಿಲ್ಲ, ಯಾರ ಬಾಯೂ ಸುಮ್ಮನಾಗಲಿಲ್ಲ. ಕಾಡು ಮುಗಿದು ಗೇಟಿನ ಬಳಿಯ ಹುಲ್ಲು ಸಿಕ್ಕಿದಾಗ ಮಳೆ ನಿಂತು ಸಂಜೆಬಿಸಿಲು ಬಿದ್ದಿತ್ತು.

ಗೇಟಿನಾಚೆ, ರಸ್ತೆಗೆ ಮೊದಲು ಒಂದು ಚರಂಡಿ. ಬೆಳಗ್ಗೆ ಒಣಗಿದ್ದದ್ದು ಈಗ ಕೆಂಪು ನೀರು ತುಂಬಿ ಹರಿಯುತ್ತಿತ್ತು. ಹಲ್ಲಿಯಕ್ಕ ಹಾರಿದಳು. ಕಂಡಕ್ಟರ ಹಾರಿದ. ಡ್ರೈವರಮ್ಮ ಅಂಚಿನಲ್ಲಿ ನಿಂತಳು. ಇಡೀ ಬಂಡೆ ಹತ್ತಿ ಇಳಿದ ಕಾಲು ಇಲ್ಲಿ, ಎಮ್ಮೆ ಕರುವೂ ದಾಟುವ ಈ ಚರಂಡಿಯ ಮುಂದೆ, ಇನ್ನು ನನ್ನಿಂದ ಆಗದು ಎಂದು ಕೈಚೆಲ್ಲಿತು.

ಕಂಡಕ್ಟರ ಕೈ ಚಾಚಲು ಹೋಗಿ, ನೆನಪಾಗಿ, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ಇಲ್ಲಪ್ಪ. ನಾನು ಎಳೆಯಲ್ಲ. ನೀನೇ ಬಾ, ಎಷ್ಟು ಹೊತ್ತಾದ್ರೂ ಕಾಯ್ತೀನಿ."

"ರೀ," ಎಂದಳು ಡ್ರೈವರಮ್ಮ. ಅವಳ ಮುಖದ ಮೇಲೆ ಕೆಸರಿತ್ತು, ಗಲ್ಲದ ಮೇಲೆ ತರಚಿದ ಗುರುತಿತ್ತು, ಕಣ್ಣಲ್ಲಿ ಬಿಸಿಲಿತ್ತು. ಅವಳು ಸುಲಿದ ಗೆಣ್ಣಿನ ಕೈಯನ್ನು ನೀರಿನ ಮೇಲೆ ಚಾಚಿದಳು. "ಇಲ್ಲಿ ಎಳೀರಿ."

ಅವನು ಎಳೆದ. ಎಳೆದ ರಭಸಕ್ಕೆ ಇಬ್ಬರೂ ಆಚೆ ದಡದ ಹುಲ್ಲಿನ ಮೇಲೆ ಒಟ್ಟಿಗೆ ಬಿದ್ದು, ಏಳುವ ಗೋಜಿಗೇ ಹೋಗದೆ ನಗುತ್ತ ಮಲಗಿದರು. ಹಲ್ಲಿಯಕ್ಕ ಸ್ವಲ್ಪ ಹೊತ್ತು ಕಾದು ನೋಡಿ, ತಾನೂ ಪಕ್ಕದಲ್ಲಿ ಕೂತು, ಬೂಟಿನೊಳಗಿನ ನೀರು ಬಗ್ಗಿಸಿದಳು.