ಖಾಲಿ ಅಂದುಕೊಂಡ ಆಕಾಶ

ಅತಿಥಿ ವಿಜ್ಞಾನಿ ಬಂದು ಮೂರೇ ದಿನ. ಅಷ್ಟರಲ್ಲೇ ಸಂಶೋಧಕ ಗುಂಗುರುವಿನ ಪಕ್ಕದ ಕುರ್ಚಿ ಹಿಡಿದು, ಅವನ ಮಗ್ಗಿನಲ್ಲೇ ಕಾಫಿ ಕುಡಿಯುವಷ್ಟು ಸಲಿಗೆ ಅವಳಿಗೆ. ಮೂರು ವರ್ಷದಿಂದ ಆ ಕುರ್ಚಿಯಲ್ಲಿ ಕೂತವಳು ಆಪರೇಟರ್, ರೇಡಿಯೋ ದೂರದರ್ಶಕದ ಡಿಶ್ ತಿರುಗಿಸುವವಳು. ಅವನ ಸುರುಳಿ ತಲೆಗೂದಲು ನೋಡಿ ಗುಂಗುರು ಅಂತ ಹೆಸರಿಟ್ಟವಳೂ ಅವಳೇ.

ಈಗ ಅವಳು ಮೂಲೆ ಮೇಜಿನಲ್ಲಿ. ಕಿವಿ ಮಾತ್ರ ಇತ್ತಲೇ.

"ಈ ತಣ್ಣನೆ ಹೈಡ್ರೋಜನ್ ಮಹಾ ಕಳ್ಳ," ಗುಂಗುರು ನಗುತ್ತಿದ್ದ. "ತಾನಾಗಿ ಕಾಣಿಸಲ್ಲ. ಹಿಂದಿರೋ ಬಿಸಿ ಅನಿಲದ ಸಿಗ್ನಲ್ಲಲ್ಲಿ ಒಂಚೂರು ಕದಿಯುತ್ತೆ, ಅಲ್ಲೇ ಸಿಕ್ಕಿಬೀಳುತ್ತೆ."

ಅತಿಥಿ ಅವನ ತೋಳು ತಟ್ಟಿ ನಕ್ಕಳು.

ಆಪರೇಟರ್‌ಗೆ ಮೈಯೆಲ್ಲ ಉರಿದುಹೋಯಿತು. ಮೊದಲ ದಿನ ತನಗೆ ಹೇಳಿದ್ದ ಮಾತು. ಅದೇ ನಗು, ಅದೇ ಓರೆನೋಟ. ಊರಿಗೆಲ್ಲ ಹಂಚೋ ಮಾತನ್ನ ಎದೆಯಲ್ಲಿಟ್ಟು ಪೂಜೆ ಮಾಡಿದೆನಲ್ಲ, ಎಂಥ ಪೆದ್ದು ನಾನು.

"ಖಾಲಿ ಆಕಾಶ ನೋಡ್ತೀರಾ?" ಅವನು ಮೂಲೆ ಮೇಜಿನತ್ತ ಕೂಗಿದ.

ಮೊದಲು ಗುರಿಯತ್ತ, ಆಮೇಲೆ ಪಕ್ಕದ ಖಾಲಿ ಜಾಗದತ್ತ ಡಿಶ್ ತಿರುಗಿಸಿ, ಒಂದರಲ್ಲಿ ಇನ್ನೊಂದನ್ನು ಕಳೆದು, ಉಳಿದದ್ದರಲ್ಲಿ ಕಳ್ಳನನ್ನು ಹುಡುಕುವುದು ಅವರ ಕ್ರಮ. ಆ ಜಾಗ ಆರಿಸಲು ಅವಳು ಯಾವಾಗಲೂ ಅರ್ಧ ಗಂಟೆ ನಕ್ಷೆ ಕೆದಕುತ್ತಿದ್ದಳು. ಇವತ್ತು ನಕ್ಷೆ ತೆರೆಯಲೇ ಇಲ್ಲ. ಬೇಗ ಮುಗಿದು ಆ ಮಹಾತಾಯಿ ಎದ್ದು ಹೋದರೆ ಸಾಕಿತ್ತು. ಜಾಗದ ಅಂಕಿ ಕೇಳಿದ ಕಡೆ ಕೈಗೆ ಬಂದದ್ದು ಒತ್ತಿದಳು.

ತೆರೆಯ ಮೇಲೆ ಗೆರೆ ಚಪ್ಪಟೆಯಾಗಿ ಬಂತು. ಕಳ್ಳನ ಸುಳಿವೇ ಇಲ್ಲ.

"ಇವತ್ತಿನ ಸರದಿಯೇ ಕೊನೆ ಅವಕಾಶವಾಗಿತ್ತು," ಗುಂಗುರು ಸಣ್ಣಗೆ ಹೇಳಿದ. "ನನ್ನ ಪ್ರಾಜೆಕ್ಟ್ ಮುಗೀತು."

"ನಮ್ಮಲ್ಲಿಗೆ ಬಂದುಬಿಡಿ. ಈಗಲೇ ನಿರ್ದೇಶಕರಿಗೆ ಫೋನ್ ಮಾಡ್ತೀನಿ," ಎಂದು ಅತಿಥಿ ಹೊರಗೆ ಹೋದಳು.

ಆಪರೇಟರ್ ಈಗ ನಕ್ಷೆ ತೆರೆದಳು. ಅವಳು ಒತ್ತಿದ ಖಾಲಿ ಜಾಗ ಅದೇ ತಣ್ಣನೆ ಹೈಡ್ರೋಜನ್ ಮೋಡದ ಬಾಲದ ಮೇಲಿತ್ತು. ಅಲ್ಲೂ ಅಷ್ಟೇ ಕಳವು. ಒಂದರಲ್ಲಿ ಒಂದು ಕಳೆದು ಎಲ್ಲ ಸೊನ್ನೆ. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಿದ್ದಳು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಆದರೆ ಅವನು ಹೊರಟೇ ಹೋಗುತ್ತಿದ್ದ.

"ತಪ್ಪು ನನ್ನದು," ಅಂದಳು. "ನಕ್ಷೆ ನೋಡಲಿಲ್ಲ. ಅವಳು ನಿಮ್ಮ ತೋಳು ಮುಟ್ಟಿದ್ದು ನೋಡಿದೆ. ಹೊಟ್ಟೆಕಿಚ್ಚು. ಬೇಕಾದರೆ ದೂರು ಕೊಡಿ."

ಗುಂಗುರು ತನ್ನ ಪಕ್ಕದ ಕುರ್ಚಿ ಎಳೆದ. "ಬನ್ನಿ. ನಮ್ಮ ಸರದಿ ಮುಗಿಯೋಕೆ ಇನ್ನೂ ನಲವತ್ತು ನಿಮಿಷ ಇದೆ."

ಈ ಸಲ ಅವಳು ಜಾಗವನ್ನು ಮೂರು ಬಾರಿ ಪರೀಕ್ಷಿಸಿದಳು. ಗೆರೆಯ ನಡುವೆ ನಿಧಾನವಾಗಿ ಒಂದು ತಗ್ಗು ಮೂಡಿತು. ಕಳ್ಳ ಸಿಕ್ಕಿಬಿದ್ದಿದ್ದ.

ಅತಿಥಿ ಬಾಗಿಲಲ್ಲಿ ತಲೆ ಹಾಕಿದಳು. "ಕೆಲಸ ಖಚಿತ! ನಮ್ಮಲ್ಲಿ ಆಪರೇಟರ್ ಕಾಟವೂ ಇಲ್ಲ, ಡಿಶ್ಶನ್ನ ಕಂಪ್ಯೂಟರೇ ತಿರುಗಿಸುತ್ತೆ."

"ಹಾಗಾದರೆ ಬೇಡ," ಗುಂಗುರು ತೆರೆಯಿಂದ ಕಣ್ಣು ಕದಲಿಸದೆ ಹೇಳಿದ. "ಕಂಪ್ಯೂಟರ್‌ಗೆ ಹೊಟ್ಟೆಕಿಚ್ಚು ಪಡೋಕೆ ಬರಲ್ಲ."

ಆಪರೇಟರ್ ಮೊದಲ ಕೆಲಸವಾಗಿ ಅತಿಥಿ ಕುಡಿದಿದ್ದ ಅವನ ಮಗ್ ತೆಗೆದುಕೊಂಡು ಹೋಗಿ, ಉಜ್ಜಿ ಉಜ್ಜಿ ತೊಳೆದು ತಂದಳು.